ಮುನ್ನೂರನೆಯ ತಲೆ

ದೋಲ್ನಿ ಬ್ರೆಸ್ತ್ ಊರಿನ ಜನಸಂಖ್ಯೆ ಐದು ವರ್ಷಗಳಿಂದ ಇಳಿಯುತ್ತಲೇ ಇತ್ತು. ಬೇಕರಿಯಲ್ಲಿ ಬ್ರೆಡ್ ಮಾತ್ರ ಬೆಳಗ್ಗೆ ಎಂಟಕ್ಕೇ ಖಾಲಿ. ಇದರಲ್ಲಿ ಮಾಯಮಂತ್ರ ಏನೂ ಇರಲಿಲ್ಲ ಬಿಡಿ. ಮಗುವಿಗೆ ಶಿಶುವಿಹಾರ ಸಿಗಲಿ, ಕಾರು ನಿಲ್ಲಿಸಲು ಜಾಗ ಸಿಗಲಿ ಎಂದು ಎಲ್ಲರೂ ರಾಜಧಾನಿ ಸೋಫಿಯಾದ ನೆಂಟರ ವಿಳಾಸವನ್ನೇ ತಮ್ಮದೆಂದು ಬರೆಸಿಕೊಂಡಿದ್ದರು. ಉಣ್ಣುವುದು ಇಲ್ಲಿ, ಕಾಗದದಲ್ಲಿ ವಾಸ ಅಲ್ಲಿ.

ಶುಕ್ರವಾರದೊಳಗೆ ಪಟ್ಟಿಯಲ್ಲಿ ಮುನ್ನೂರು ತಲೆ ಇಲ್ಲದಿದ್ದರೆ ಊರಿನ ಬಸ್ಸು ಬಂದ್ ಎಂದು ನಗರಸಭೆಯಿಂದ ಪತ್ರ ಬಂತು. ಊರ ಕಚೇರಿಯ ಗುಮಾಸ್ತೆ ತ್ಸೋಂಕಾ ಅದನ್ನು ಎರಡೆರಡು ಸಲ ಓದಿದಳು. ಪ್ರತಿ ಭಾನುವಾರ ಮೊಮ್ಮಗ ಬೊಯಾನನನ್ನು ನೋಡಲು ಅವಳು ಸೋಫಿಯಾಕ್ಕೆ ಹೋಗುತ್ತಿದ್ದುದು ಅದೇ ಬಸ್ಸಿನಲ್ಲಿ. ಅಳಿಯ ಕಾಲಿನ್ ಕಾರು ತೆಗೆಯುವ ಪೈಕಿಯಲ್ಲ. ತೆಗೆದರೆ ನಿಲ್ಲಿಸಿದ್ದ ಜಾಗ ಹೋಗುತ್ತದಂತೆ!

ಪಟ್ಟಿ ಹಿಡಿದು ಮನೆಮನೆ ಹತ್ತಿ ಇಳಿದಳು. ಪೇಯೋನ ಅಂಗಳದಲ್ಲಿ ಕೆಂಪು ದೊಣ್ಣೆ ಮೆಣಸಿನಕಾಯಿ ಸುಡುತ್ತಿದ್ದವು. ಚಳಿಗಾಲದ ಚಟ್ನಿಗೆ ಐವತ್ತು ಬಾಟಲಿ ಸಾಲಾಗಿ ಕಾಯುತ್ತಿದ್ದವು.

“ಇಲ್ಲಿ ಯಾರೂ ವಾಸ ಇಲ್ಲ ಕಣಕ್ಕಾ,” ಎಂದ ಪೇಯೋ.

“ಹಾಗಾದ್ರೆ ಮೆಣಸಿನಕಾಯಿ ತಾನಾಗೇ ಬಂದು ಒಲೆ ಮೇಲೆ ಕೂತ್ಕೊಂಡ್ವಾ? ನಾಚಿಕೆ ಆಗಲ್ವೇನೋ? ಹಾಕು ಸಹಿ!”

ಹೀಗೆ ಬೈದು, ರಮಿಸಿ, ಶುಕ್ರವಾರ ಮಧ್ಯಾಹ್ನಕ್ಕೆ ಇನ್ನೂರ ತೊಂಬತ್ತೊಂಬತ್ತು ತಲೆ ಕೂಡಿಸಿದಳು. ಅಷ್ಟರಲ್ಲಿ ಈಜುಕೊಳದ ಮನೆಯ ಅಮೃತಶಿಲೆ ವ್ಯಾಪಾರಿ ಸ್ತೋಯ್ಕೋ ತಾನಾಗಿಯೇ ಕಚೇರಿಗೆ ಬಂದು, “ನನ್ನ ಹೆಸರೂ ಬರ್ಕೊಳಿ,” ಎಂದ.

ಅಲ್ಲಿ ಸೇರಿದ್ದ ಜನ ಹೌಹಾರಿದರು. ನಿಜವಾದ ಆದಾಯ ತೋರಿಸುವ ಮಹಾನುಭಾವ ಊರಿಗೆಲ್ಲ ಅವನೊಬ್ಬನೇ. ಮಿಕ್ಕವರೆಲ್ಲ ಕಾಗದದಲ್ಲಿ ಕನಿಷ್ಠ ಕೂಲಿಯವರು, ಉಳಿದದ್ದು ಲಕೋಟೆಯಲ್ಲಿ ಕೈಗೆ. ಸರಾಸರಿ ಆದಾಯ ಕಡಿಮೆ ಎಂದೇ ಊರಿಗೆ ಪುಕ್ಕಟೆ ಸೌದೆ ಬರುತ್ತಿತ್ತು.

“ಇವನನ್ನ ಸೇರಿಸಿದ್ರೆ ನಾವೆಲ್ಲ ಒಂದೇ ಏಟಿಗೆ ಸಾಹುಕಾರರಾಗ್ಬಿಡ್ತೀವಿ!” ಪೇಯೋ ಕೂಗಿದ. “ಆಮೇಲೆ ಚಳಿಗೆ ಏನು, ಇವನ ಕಲ್ಲು ಉರಿಸೋದಾ?”

ಸ್ತೋಯ್ಕೋ ಪಾಪ, ಸಪ್ಪೆ ಮುಖ ಹಾಕಿಕೊಂಡು ಹೊರಟುಹೋದ.

“ಒಬ್ಬ ಬಡವ ಬೇಕಪ್ಪಾ, ಅಪ್ಪಟ ಬಡವ!” ಎನ್ನುತ್ತ ಮೇಯರ್ ದೊಬ್ರೋಮಿರ್ ಪಟ್ಟಿಯ ಮೇಲೆ ಬೆರಳಾಡಿಸಿದ. ಬೆರಳು ಗಕ್ಕನೆ ನಿಂತಿತು. “ತ್ಸೋಂಕಾ, ನಿನ್ನ ಹೆಸರೆಲ್ಲಮ್ಮಾ?”

ತ್ಸೋಂಕಾಳ ಕಿವಿ ಕೆಂಪಾಯಿತು. ಎರಡು ವರ್ಷದ ಹಿಂದೆ ಕಾಲಿನ್, “ಅತ್ತೆ, ನೀವು ನಮ್ಮ ಮನೇಲಿದ್ದೀರಿ ಅಂತ ಬರೆಸಿದ್ರೆ ಇನ್ನೊಂದು ಕಾರು ನಿಲ್ಲಿಸೋಕೆ ಚೀಟಿ ಸಿಗುತ್ತೆ,” ಎಂದು ಗೋಗರೆದಿದ್ದ. ಬರೆಸಿದವಳು ಮರೆತೇಬಿಟ್ಟಿದ್ದಳು. ಈಗ ಅದನ್ನೇ ಮೆಲ್ಲಗೆ ಒಪ್ಪಿಕೊಂಡಳು.

“ಹೇಳೋದು ಆಚಾರ, ತಿನ್ನೋದು ಬದನೆಕಾಯಿ!” ಪೇಯೋ ಹೊಟ್ಟೆ ಹಿಡಿದುಕೊಂಡು ನಕ್ಕ. “ನಮಗೆಲ್ಲ ಉಗಿದ್ಯಲ್ಲಕ್ಕಾ, ನೀನು ಮನುಷ್ಯಳೇ ಅಲ್ಲ, ಕಾರು ನಿಲ್ಲೋ ಜಾಗ!”

ತ್ಸೋಂಕಾಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಳಿಯ ಮುನಿದರೆ ಮೊಮ್ಮಗನ ಮುಖ ತೋರಿಸುತ್ತಾನೋ ಇಲ್ಲವೋ. ಬಸ್ಸು ಹೋದರಂತೂ ಇಲ್ಲವೇ ಇಲ್ಲ. ಕಣ್ಣು ಮುಚ್ಚಿ ಸಹಿ ಹಾಕಿದಳು.

ಸಂಜೆಯೇ ಕಾಲಿನ್‌ನ ಫೋನು. “ಅತ್ತೆ! ಚೀಟಿ ರದ್ದಾಯ್ತು! ಎರಡನೇ ಕಾರನ್ನ ಎಲ್ಲಿಡ್ಲಿ, ತಲೆ ಮೇಲಾ?”

“ನಮ್ಮಂಗಳಕ್ಕೆ ತಂದು ನಿಲ್ಲಿಸು ಮಾರಾಯ. ಜಾಗಕ್ಕೇನು ಬರ?”

ಅವನು ಗೊಣಗುತ್ತ ತಂದು ನಿಲ್ಲಿಸಿದ. ಈಗ ತ್ಸೋಂಕಾ ಭಾನುವಾರ ಎಲ್ಲಿಗೂ ಹೋಗುವುದಿಲ್ಲ. ಕಾರು ಹೇಗಿದೆಯೋ ಎಂಬ ಚಿಂತೆಯಿಂದ ಕಾಲಿನ್, ಸೋಫಿಯಾದಲ್ಲಿರುವ ಮೊದಲ ಕಾರಿನ ಜಾಗ ಬಿಡಲಾರದೆ, ಅದೇ ಬಸ್ಸಿನಲ್ಲಿ, ಬೊಯಾನನನ್ನು ತೊಡೆಯ ಮೇಲೆ ಕೂರಿಸಿಕೊಂಡು ಬರುತ್ತಾನೆ. ಅವನು ಗಾಜು ಒರೆಸುವಷ್ಟು ಹೊತ್ತು ಮೊಮ್ಮಗ ಅಜ್ಜಿಯದು. ಕಾರಿನ ಮೇಲೆ ಧೂಳು ಚೆನ್ನಾಗಿ ಕೂತಿರಲಿ ಎಂದು ತ್ಸೋಂಕಾ ಪ್ರತಿ ಶನಿವಾರ ಅದರ ಪಕ್ಕದಲ್ಲೇ ಅಂಗಳ ಗುಡಿಸುತ್ತಾಳೆ.