ಎಂಬತ್ತರ ಮೇಲೆ ಕುಂಕುಮ

ನಾನು ನೋಡುವವನಲ್ಲ, ಎಣಿಸುವವನು. ಚಕ್ರ ಉರುಳುವುದನ್ನು ನಾನು ಒಂದು ದಿನವೂ ಕಂಡಿಲ್ಲ. ಕಾರಿನ ಹೊಟ್ಟೆಯೊಳಗೆ, ಗೇರ್ ಪೆಟ್ಟಿಗೆಯ ಬದಿಗೆ, ಹೆಬ್ಬೆರಳಿನಷ್ಟು ದೊಡ್ಡದೊಂದು ಸೆನ್ಸರ್ ಕೂತಿರುತ್ತದೆ. ಒಳಗಿನ ಹಲ್ಲುಚಕ್ರದ ಒಂದೊಂದು ಹಲ್ಲು ಎದುರಿಗೆ ಹಾದಾಗಲೂ ಅದು ತಂತಿಯಲ್ಲಿ ನನಗೊಂದು ಬಡಿತ ಕಳಿಸುತ್ತದೆ. ಬಡಿತ ಒತ್ತೊತ್ತಾಗಿ ಬಂದರೆ ಮುಳ್ಳನ್ನು ಏರಿಸುತ್ತೇನೆ, ಬಿಡಿಬಿಡಿಯಾಗಿ ಬಂದರೆ ಇಳಿಸುತ್ತೇನೆ. ನನ್ನ ಬದುಕೆಲ್ಲ ಇಷ್ಟೇ. ಜನ ನನ್ನನ್ನು ಸ್ಪೀಡೋಮೀಟರ್ ಅನ್ನುತ್ತಾರೆ. ಅವಸರದಲ್ಲಿರುವವರು ಬರೀ ಮೀಟರ್ ಅನ್ನುತ್ತಾರೆ, ಮತ್ತು ನನ್ನ ಸಂಗಡ ಇರುವವರೆಲ್ಲ ಅವಸರದವರೇ.

ನಾನು ಹುಟ್ಟಿದ್ದು ಧೂಳಿನ ಕಣವೂ ಇಲ್ಲದ ಒಂದು ಕೋಣೆಯಲ್ಲಿ. ಬಿಳಿ ಟೊಪ್ಪಿಗೆ ಹಾಕಿದ ಹೆಣ್ಣುಮಗಳೊಬ್ಬಳು ನನ್ನ ಕಪ್ಪು ಮುಖಕ್ಕೆ ಕೆಂಪು ಮುಳ್ಳು ಕೂರಿಸಿದಳು. ಹಳ್ಳಿಗಳಲ್ಲಿ ಕೂಸಿಗೆ ಹೆಸರಿಡುವಾಗ ಕಿವಿಯಲ್ಲಿ ಕುರ್ರ್ ಎನ್ನುತ್ತಾರಲ್ಲ, ಹಾಗೆ ಅವಳು ತಂತಿಯಲ್ಲಿ ಮೊದಲ ಬಡಿತ ಬಿಟ್ಟಳು. ಅರವತ್ತಕ್ಕೆ ಬಿಟ್ಟಳು, ಅರವತ್ತು ತೋರಿಸಿದೆ. ನೂರಕ್ಕೆ ಬಿಟ್ಟಳು, ನೂರು ತೋರಿಸಿದೆ. ಅವಳು ತಲೆಯಾಡಿಸಿ ನನ್ನನ್ನು ಪೆಟ್ಟಿಗೆಗೆ ಹಾಕಿದಳು. ನಿಜ ಹೇಳಿದ್ದಕ್ಕೆ ನನಗೆ ಸಿಕ್ಕ ಮೊದಲ ಮೆಚ್ಚುಗೆ ಅದು.

ನನ್ನನ್ನು ಕೂರಿಸಿದ್ದು ಇಬ್ಬರೇ ಕೂರಬಹುದಾದ, ನೆಲಕ್ಕೆ ಹೊಟ್ಟೆ ಹಚ್ಚಿ ಓಡುವ ಒಂದು ಕೆಂಪು ಸ್ಪೋರ್ಟ್ಸ್ ಕಾರಿನಲ್ಲಿ. ಮೊದಲ ಯಜಮಾನ ಸಮುದ್ರದ ಊರಿನವನು. ಕಾರಿಗೆ ಹೊದಿಕೆ ಹೊದಿಸಿ, ಭಾನುವಾರ ಹೊದಿಕೆ ತೆಗೆದು ನೋಡಿ, ಮತ್ತೆ ಹೊದಿಸಿ ಹೋಗುತ್ತಿದ್ದ. ಅವನ ಸೊಂಟ ಹಿಡಿದುಕೊಂಡ ಮೇಲೆ ಅಷ್ಟು ಕೆಳಗಿನ ಸೀಟಿಗೆ ಇಳಿಯಲಾಗದೆ ಮಾರಿದ. ಹಾಗೆ ನಾವು ಘಟ್ಟ ಹತ್ತಿ, ಕೆಂಪುಗಲ್ಲಿನ ಸೀಮೆಗೆ, ಇಳಕಲ್ಲಿನ ಗುರುಪಾದಪ್ಪನ ಮನೆಗೆ ಬಂದೆವು.

ಗುರುಪಾದಪ್ಪ ಗ್ರಾನೈಟ್ ವ್ಯಾಪಾರಿ. ಕಲ್ಲಿನ ನಡುವೆ ಬೆಳೆದವನಿಗೆ ಓಡುವುದರ ಮೇಲೆ ಮಹಾ ಮೋಹ. ಹಿಂದಿನ ವರ್ಷವಷ್ಟೇ ಬೈಕಿನಿಂದ ಬಿದ್ದು, ಸತ್ತೇ ಹೋದನೆಂದು ಮನೆಯವರು ಅತ್ತ ಮೇಲೆ ಕಣ್ಣು ಬಿಟ್ಟಿದ್ದ. ಆಗ ಅವನ ಹೆಂಡತಿ ಬನಮ್ಮ ತನ್ನ ತವರಿನ ದೇವಿ ಬನಶಂಕರಿಗೆ ಹರಕೆ ಹೊತ್ತಿದ್ದಳು. ಕಾರು ಅಂಗಳಕ್ಕೆ ಬಂದ ದಿನ ಅವಳು ಆರತಿ ತಂದಳು, ಆದರೆ ಬೆಳಗಲಿಲ್ಲ. ಬಾಗಿ ಒಳಗೆ ನೋಡಿ, ಕುಂಕುಮದಲ್ಲಿ ಬೆರಳದ್ದಿ, ನನ್ನ ಗಾಜಿನ ಮೇಲೆ ಎಂಬತ್ತರ ಅಂಕಿಗೆ ಸರಿಯಾಗಿ ಒಂದು ಬೊಟ್ಟು ಇಟ್ಟಳು.

“ಇದರ ಮ್ಯಾಲ ಕೈ ಇಟ್ಟು ಹೇಳ್ರಿ, ಮುಳ್ಳು ಈ ಕುಂಕುಮ ದಾಟಸಂಗಿಲ್ಲ ಅಂತ.”

“ಏ ಹುಚ್ಚಿ, ಎಂಬತ್ತಕ್ಕ ಓಡಸಾಕ ಇಂಥಾ ಗಾಡಿ ಯಾಕ ಬೇಕಿತ್ತು? ಟ್ರ್ಯಾಕ್ಟರ್ ಸಾಕಿತ್ತಲ್ಲ.”

“ಹಂಗಂದ್ರ ಟ್ರ್ಯಾಕ್ಟರ್ ತಗೋರಿ. ನಾನೂ ಹಿಂದ ಕುಂದರ್ತೀನಿ. ಓಡಸಾವರು ನೀವು, ಕುಂಕುಮ ಹೋಗೂದು ನಂದು.”

ಅವನು ನಕ್ಕ. ಆದರೂ ಅಂಗೈ ನನ್ನ ಮೇಲಿಟ್ಟು, “ಬನಶಂಕರಿ ಆಣಿ, ಮುಳ್ಳು ಎಂಬತ್ತು ದಾಟೂದಿಲ್ಲ” ಎಂದ. ಆಮೇಲೆ ಅವಳು ಆರತಿ ಬೆಳಗಿದಳು.

ಸುಳ್ಳೇಕೆ ಹೇಳಲಿ, ಅವನು ಆಣೆ ನಡೆಸಿದ. ದೇವರಿಗೆ ಅವನು ಹೆದರುತ್ತಿದ್ದ. ನಂಬುವುದಕ್ಕಿಂತ ಹೆದರುವುದು ಸುಲಭ. ಎಪ್ಪತ್ತೆಂಟಕ್ಕೆ ಬಂದರೆ ಅವನ ಕಾಲು ತಾನೇ ಹಿಂದೆ ಸರಿಯುತ್ತಿತ್ತು. ಕಲ್ಲು ಹೊತ್ತ ಲಾರಿಗಳೂ ನಮ್ಮನ್ನು ಹಿಂದೆ ಹಾಕಿ, ಕ್ಲೀನರುಗಳು ಕಿಟಕಿಯಿಂದ ಹೊರಗೆ ಬಗ್ಗಿ, “ಏನ್ ಸಾವಕಾರ್ರ, ಪೆಟ್ರೋಲ್ ಹಾಕೀರೇನು, ನೀರ ಹಾಕೀರೇನು?” ಎಂದು ಕೂಗಿ ಹೋಗುತ್ತಿದ್ದರು. ಅವನು ಹಲ್ಲು ಕಚ್ಚಿ ಸಹಿಸಿದ.

ಹೀಗಿರಲು ಮಾನೌಮಿ ಬಂತು. ಆಯುಧ ಪೂಜೆಯ ದಿನ ಆ ಮನೆಯಲ್ಲಿ ಒಂದು ಪದ್ಧತಿ. ಗಾಡಿಯ ಮುಂದೆ ಕಾಯಿ ಒಡೆದು, ಬಾನೆಟ್ ಎತ್ತಿ, ಆ ನೀರನ್ನು ಇಂಜಿನ್ನಿನ ಮೇಲೆ ಎರೆಯುವುದು. ಗಾಡಿಗೂ ಹೊಟ್ಟೆಯಿದೆ, ಅದಕ್ಕೂ ತೀರ್ಥ ಮುಟ್ಟಬೇಕು ಎಂಬ ಭಾವ. ಲಾರಿಗಳಿಗೆ ಹಾಗೆ ಎರೆದರೆ ಏನೂ ಆಗುತ್ತಿರಲಿಲ್ಲ. ನಮ್ಮ ಕಾರಿನಲ್ಲಿ ಮಾತ್ರ ಆ ನೀರು ಇಳಿದು ಇಳಿದು, ಸೆನ್ಸರಿನ ತಂತಿ ಕೂಡುವ ಜಾಗಕ್ಕೆ ಹೋಗಿ ನಿಂತಿತು.

ಕೆಲವು ವಾರ ಕಳೆದ ಮೇಲೆ ನನಗೆ ಬರುವ ಬಡಿತ ಏರುಪೇರಾಯಿತು. ನಿಧಾನ ಹೋದಾಗ ಎಲ್ಲ ಸರಿಯಿತ್ತು. ಓಟ ಹೆಚ್ಚಿ ಗಾಡಿ ನಡುಗತೊಡಗಿತೋ, ಅರ್ಧ ಬಡಿತ ದಾರಿಯಲ್ಲೇ ಸತ್ತುಹೋಗುತ್ತಿತ್ತು. ಬಂದಷ್ಟನ್ನು ಎಣಿಸಿ ನಾನು ತೋರಿಸಿದೆ. ಬಾರದ್ದನ್ನು ಎಣಿಸುವುದು ಹೇಗೆ? ಮುಳ್ಳು ಎಪ್ಪತ್ತರಲ್ಲಿದ್ದರೂ ಲಾರಿಗಳು ಹಿಂದೆ ಬೀಳುವುದನ್ನು ಕಂಡು ಗುರುಪಾದಪ್ಪನಿಗೇ ಗಾಬರಿಯಾಯಿತು. ದೀಪಾವಳಿಯ ಮುನ್ನಾದಿನ ಕಾರನ್ನು ಲಾಡ್ಲೇಸಾಬನ ಗ್ಯಾರೇಜಿಗೆ ತಂದ.

ಲಾಡ್ಲೇಸಾಬನ ಗ್ಯಾರೇಜು ಇದ್ದದ್ದು ಗುರುಪಾದಪ್ಪನ ಜಾಗದಲ್ಲೇ. ಲಾಡ್ಲೇಸಾಬ ಮೊದಲು ತನ್ನ ಫೋನಿನಲ್ಲಿ ವೇಗ ತೋರಿಸುವ ಆ್ಯಪ್ ಹಚ್ಚಿ, ಅದನ್ನು ಸೀಟಿನ ಮೇಲಿಟ್ಟು, ಸಾವಕಾರನ ಜೊತೆ ಹೆದ್ದಾರಿಗೆ ಹೋಗಿ ಬಂದ. ಅರವತ್ತರವರೆಗೆ ಫೋನೂ ನಾನೂ ಒಂದೇ ಮಾತು. ನಾನು ಎಪ್ಪತ್ತು ಎಂದಾಗ ಫೋನು ನೂರಾ ಇಪ್ಪತ್ತು ಎಂದಿತು.

“ಮೂರರಾಗ ಒಂದು ಕೆಟ್ಟಿರಬೇಕ್ರಿ,” ಎಂದ ಲಾಡ್ಲೇಸಾಬ. “ಮೀಟರು, ಇಲ್ಲಾ ಸೆನ್ಸರು, ಇಲ್ಲಾ ನಡುವಿನ ತಂತಿ.”

ನನ್ನನ್ನು ಬಿಚ್ಚಿ ಹೊರಗೆ ತೆಗೆದು, ಒಂದು ಸಣ್ಣ ಯಂತ್ರದಿಂದ ನನಗೆ ಬಡಿತ ಕೊಟ್ಟ. ನಲವತ್ತು, ಎಂಬತ್ತು, ನೂರಾ ನಲವತ್ತು. ಕೊಟ್ಟದ್ದನ್ನು ಕೊಟ್ಟ ಹಾಗೆ ತೋರಿಸಿದೆ. “ಇದರದೇನೂ ತಪ್ಪಿಲ್ಲ, ಬಂಗಾರದಂಥಾ ಮೀಟರ್” ಎಂದು ನನ್ನನ್ನು ಬಟ್ಟೆಯ ಮೇಲಿಟ್ಟ. ಸೆನ್ಸರನ್ನು ಪರೀಕ್ಷಿಸಿದ, ಅದೂ ಸರಿಯಿತ್ತು. ಕೊನೆಗೆ ಕಾರಿನಡಿ ನುಸುಳಿ ತಂತಿಯ ಜೋಡಣೆ ಬಿಚ್ಚಿ, ಬೆರಳಿಗೆ ಹತ್ತಿದ ಹಸಿರು ಕಿಲುಬನ್ನು ತೋರಿಸುತ್ತ ಹೊರಬಂದ.

“ಸಾವಕಾರ್ರ, ಪೂಜಿ ದಿನ ಕಾಯಿ ನೀರು ಇದರೊಳಗ ಸುರವೀರೇನ್ರಿ?”

“ನಮ್ಮ ಮನಿ ಪದ್ಧತಿ ಅದು. ಯಾಕ?”

“ದೇವರಿಗಿ ಮುಟ್ಟೇತೋ ಇಲ್ಲೋ, ತಾಮ್ರಕ್ಕಂತೂ ಮುಟ್ಟೇತಿ. ಒಂದು ತಾಸಿನ ಕೆಲಸ. ಇಷ್ಟು ಕತ್ತರಿಸಿ ಹೊಸಾದು ಕೂಡಸಿಬಿಡ್ತೀನಿ.”

ಇಕ್ಕಳ ಆಗಲೇ ಅವನ ಕೈಯಲ್ಲಿತ್ತು. ಗುರುಪಾದಪ್ಪ ಬಟ್ಟೆಯ ಮೇಲಿದ್ದ ನನ್ನನ್ನು, ನನ್ನ ಗಾಜಿನ ಕುಂಕುಮವನ್ನು ನೋಡಿದ. ಆಮೇಲೆ ಅವನ ಮುಖದಲ್ಲಿ ಹಬ್ಬದ ಕಳೆ ಬಂತು.

“ಬ್ಯಾಡ. ಇರಲಿ ಬಿಡು.”

“ಇರಲಿ ಅಂದ್ರ?”

“ಆಣಿ ಮಾಡಿದ್ದು ಏನು? ಮುಳ್ಳು ದಾಟೂದಿಲ್ಲ ಅಂತ. ಮುಳ್ಳು ದಾಟಿಲ್ಲಲ್ಲೋ ಮಾರಾಯಾ!”

“ದೇವಿ ಕಣ್ಣಿಗೇ ಮಣ್ಣ ಹಾಕ್ತೀರಲ್ರಿ!” ಎಂದು ಲಾಡ್ಲೇಸಾಬ ನಕ್ಕ. ನಗುವುದೋ ಬಿಡುವುದೋ ತಿಳಿಯದ ನಗು ಅದು.

“ತಾನಾಗೇ ಕೆಟ್ಟೈತಿ, ನಾ ಏನು ಕೆಡಸೀನೇನು? ಬನಿ ಮುಂದ ಬಾಯಿ ಬಿಡಬ್ಯಾಡ ಮತ್ತ.”

ಲಾಡ್ಲೇಸಾಬ ಇಕ್ಕಳ ಕೆಳಗಿಟ್ಟ. ನನ್ನನ್ನು ಮತ್ತೆ ನನ್ನ ಜಾಗಕ್ಕೆ ಕೂರಿಸಿ, ತಿರುಪು ಬಿಗಿದ. ಅಂದಿನಿಂದ ಆ ಕಾರು ಗಾಳಿಯಂತೆ ಓಡಿತು. ನಾನು ಎಪ್ಪತ್ತು, ಎಪ್ಪತ್ತೈದು ಎನ್ನುತ್ತಲೇ ಇದ್ದೆ.

ಎಳ್ಳಮಾಸಿ ಹಬ್ಬ ಕಳೆದು ಒಂದು ಶುಕ್ರವಾರ ಬನಮ್ಮ ದೇವಿಗೆ ಉಡಿ ತುಂಬಬೇಕೆಂದಳು. ಗಂಡ ವರ್ಷವಿಡೀ ಮಾತು ನಡೆಸಿದನಲ್ಲ, ಅದಕ್ಕೆ. ಹಸಿರು ಸೀರೆ, ಕುಪ್ಪಸದ ಖಣ, ಬಳೆ, ಕೊಬ್ಬರಿ ಬಟ್ಟಲು ಎಲ್ಲವನ್ನೂ ತಟ್ಟೆಯಲ್ಲಿಟ್ಟು ತೊಡೆಯ ಮೇಲೆ ಹಿಡಿದು ಕೂತಳು. ದಾರಿಯುದ್ದಕ್ಕೂ ಅವಳ ಕಣ್ಣು ನನ್ನ ಮೇಲೆಯೇ. ಅಂಥ ನಂಬಿಕೆಯ ಕಣ್ಣುಗಳನ್ನು ಗುಡಿಯ ಮೂರ್ತಿಗಳು ಹೇಗೆ ತಾಳಿಕೊಳ್ಳುತ್ತವೋ, ನನಗಂತೂ ತಿಳಿಯದು.

“ಎಪ್ಪತ್ತಕ್ಕ ಇಷ್ಟ ಗಾಳಿ ಬಡೀತೈತೇನ್ರಿ?”

“ಗಾಡಿ ನೆಲಕ್ಕ ಹತ್ತಿ ಐತಲ್ಲ, ಹಂಗ ಅನಸ್ತೈತಿ. ಬೇಕಾದ್ರ ಮೀಟರ್ ನೋಡು.”

ಅವಳು ನೋಡಿದಳು. ಕೈ ಮುಗಿದಳು.

ಬಾದಾಮಿಯ ದಾರಿಯಲ್ಲಿ ಒಂದು ತಿರುವು. ಅದರಾಚೆ, ಒಂದು ಸಣ್ಣ ಸೇತುವೆಯ ಹತ್ತಿರ, ಹುರುಳಿ ಹರಡಿದ್ದರು. ಸುಗ್ಗಿಯಲ್ಲಿ ಅಲ್ಲಿನವರು ಕಣ ಮಾಡುವುದಿಲ್ಲ. ಬಳ್ಳಿ ಸಮೇತ ಡಾಂಬರಿನ ಮೇಲೆ ಹರಡಿ, ಹೋಗಿ ಬರುವ ಗಾಡಿಗಳ ಗಾಲಿಗೇ ಒಕ್ಕಣೆ ಬಿಡುತ್ತಾರೆ. ಬಸ್ಸಿನವರು, ಟ್ರ್ಯಾಕ್ಟರಿನವರು ಅಲ್ಲಿಗೆ ಬಂದಾಗ ಮೆಲ್ಲಗೆ ಹಾಯುತ್ತಾರೆ. ಹುಲಿಗೆವ್ವ ಎಂಬ ಹೆಣ್ಣುಮಗಳು ಕೋಲಿನಿಂದ ಬಳ್ಳಿ ತಿರುವಿ ಹಾಕುತ್ತಿದ್ದಳು. ಗುರುಪಾದಪ್ಪ ಬ್ರೇಕು ತುಳಿದ. ಚಕ್ರ ಬಿಗಿದು ನಿಂತವು, ಬಡಿತ ನಿಂತಿತು, ನನ್ನ ಮುಳ್ಳು ಸೊನ್ನೆಗೆ ಬಿತ್ತು. ಕಾರು ಮಾತ್ರ ಹುರುಳಿಯ ಕಾಳುಗಳ ಮೇಲೆ ಇನ್ನೂ ಜಾರುತ್ತಲೇ ಇತ್ತು. ಸೇತುವೆಯ ಕಟ್ಟೆಗೂ ನಮ್ಮ ಕಾರಿಗೂ ನಡುವೆ ಅವಳ ಕಾಲು ಸಿಕ್ಕಿತು. ತಟ್ಟೆಯ ಬಳೆಗಳು ಚೂರಾಗಿ ನನ್ನ ಗಾಜಿಗೆ ಬಡಿದವು.

ಆ ಕಾಲನ್ನು ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು.

ಕೇಸು ಬೇಡ, ಹಿರಿಯರಲ್ಲೇ ಮುಗಿಸೋಣ ಎಂದಾಯಿತು. ಕಾರು ನಿಂತಿದ್ದ ಗ್ಯಾರೇಜಿನ ಅಂಗಳಕ್ಕೇ ಎಲ್ಲರೂ ಬಂದರು. ನ್ಯಾಯ ಹೇಳಲು ಊರ ಹಿರಿಯರಾದ ಅಂದಾನಪ್ಪನವರು ಕುರ್ಚಿಯಲ್ಲಿ ಕೂತರು. ಹುಲಿಗೆವ್ವನ ಗಂಡ ದ್ಯಾಮಣ್ಣ ಗೇಟಿನ ಹತ್ತಿರ ಚಪ್ಪಲಿ ಬಿಟ್ಟು ನಿಂತಿದ್ದ. ಹುಲಿಗೆವ್ವ ಇನ್ನೂ ಆಸ್ಪತ್ರೆಯಲ್ಲಿದ್ದಳು. ಗುರುಪಾದಪ್ಪ ಮಿತಿ ಮೀರಿ ಓಡಿಸಿದ್ದೇ ಹೌದಾದರೆ ಆ ಮನೆಯ ಕೂಳು ಜೀವಮಾನವಿಡೀ ಅವನ ತಲೆಯ ಮೇಲೆ. ಅಲ್ಲವಾದರೆ, ವಿಧಿ.

“ಭಾಳ ಜೋರಾಗಿ ಬಂದಿದ್ರಂತ್ರಿ” ಎಂದ ದ್ಯಾಮಣ್ಣ.

“ನೀ ಅಲ್ಲಿ ಇದ್ದಿದ್ದೇನಪ?” ಎಂದು ಅಂದಾನಪ್ಪನವರು ಕೇಳಿದರು.

“ಇದ್ದಿಲ್ರಿ.”

“ಮತ್ತ ರಸ್ತಾ ಏನು ನಿಮ್ಮಪ್ಪನ ಕಣ ಏನು, ಹುರುಳಿ ಹಾಕಾಕ?” ಎಂದು ಯಾರೋ ಅಂದರು. ದ್ಯಾಮಣ್ಣ ತಲೆ ತಗ್ಗಿಸಿದ.

ಬನಮ್ಮ ಯಾರೂ ಕೇಳುವ ಮೊದಲೇ ಎದ್ದು ಬಂದಳು. ಕಾರಿನ ಬಾಗಿಲು ತೆಗೆದು, ಕುಂಕುಮದ ಪಕ್ಕದಲ್ಲೇ ಅಂಗೈ ಇಟ್ಟಳು. “ಬನಶಂಕರಿ ಆಣಿ. ನಾ ಬಾಜೂಕ ಕುಂತು ನೋಡೀನಿ. ಮುಳ್ಳು ಎಂಬತ್ತು ದಾಟಿದ್ದಿಲ್ಲ.”

ಬನಮ್ಮ ಸುಳ್ಳಾಡುವವಳಲ್ಲ ಎಂದು ಆ ಸೀಮೆಗೆಲ್ಲ ಗೊತ್ತು. ಆದರೂ ನಿಯಮಕ್ಕೆಂದು ಅಂದಾನಪ್ಪನವರು, “ಮೀಟರ್ ಒಮ್ಮೆ ತಪಾಸ ಮಾಡು ಲಾಡ್ಲೇಸಾಬ” ಎಂದರು. ಅವನು ಹಿಂದಿನ ಗಾಲಿ ಎತ್ತಿ ನಿಲ್ಲಿಸಿ, ಇಂಜಿನ್ ಓಡಿಸಿ, ಸೆನ್ಸರಿನ ಬಾಯಿಗೇ ತನ್ನ ಯಂತ್ರ ಹಚ್ಚಿದ. ಯಂತ್ರ ನೂರು ಎಂದಿತು, ನಾನು ಅರವತ್ತೈದು ಎಂದೆ.

“ಮೀಟರ್ ಕೆಟ್ಟೈತ್ರಿ” ಎಂದ. ನಾನು ಕೆಟ್ಟಿಲ್ಲವೆಂದು ತನ್ನ ಬಾಯಿಂದಲೇ ಹೇಳಿದವನು.

“ಯಾವಾಗಿಂದ?”

ಲಾಡ್ಲೇಸಾಬ ಗುರುಪಾದಪ್ಪನನ್ನು ನೋಡಲಿಲ್ಲ. ತನ್ನ ಗ್ಯಾರೇಜಿನ ತಗಡಿನ ಮಾಡನ್ನು ನೋಡಿದ. “ಇಂಥಾವು ಒಮ್ಮಿಂದೊಮ್ಮೆ ಕೆಡತಾವ್ರಿ. ಹೇಳಾಕ ಬರೂದಿಲ್ಲ.”

“ಹಾಳ ಮೀಟರ್, ನನ್ನ ಮಾನ ತಗೀತಲ್ಲೋ!” ಎಂದು ಗುರುಪಾದಪ್ಪ ಹಣೆ ಬಡಿದುಕೊಂಡ. ಹಣೆ ಬಡಿದುಕೊಳ್ಳುವವನನ್ನು ಕಂಡು ಎಲ್ಲರಿಗೂ ಕನಿಕರವಾಯಿತು. ಯಂತ್ರದ ತಪ್ಪಿಗೆ ಮನುಷ್ಯ ಏನು ಮಾಡಿಯಾನು, ಎಲ್ಲ ವಿಧಿ ಎಂದು ನ್ಯಾಯ ಮುಗಿಸಿದರು. ದ್ಯಾಮಣ್ಣ ಚಪ್ಪಲಿ ಮೆಟ್ಟಿಕೊಂಡು ಹೋದ.

ನನ್ನನ್ನು ಕಿತ್ತು ಹೊಸ ಮೀಟರ್ ಹಾಕಿದರು. ಜೊತೆಗೆ ಆ ಕಿಲುಬಿನ ತಂತಿಯನ್ನೂ ಲಾಡ್ಲೇಸಾಬ ಸದ್ದಿಲ್ಲದೆ ಕತ್ತರಿಸಿ ಕೂಡಿಸಿದ. ಕಾರು ಒಯ್ಯುವ ದಿನ ಬನಮ್ಮ ಹೊಸ ಮೀಟರಿಗೆ ವಿಭೂತಿ ಹಚ್ಚಲು ಬಂದಳು. ನೆಲದ ಮೇಲೆ ಬಿದ್ದಿದ್ದ ತಂತಿಯ ತುಂಡನ್ನು ಕಂಡಳು.

“ಅಣ್ಣಾ, ಕೆಟ್ಟಿದ್ದು ಮೀಟರ್ ಅಲ್ಲೇನು? ತಂತಿ ಯಾಕ ಕತ್ತರಿಸಿದ್ರಿ?”

“ಅದನ್ನ ದೀಪಾವಳಿಗೇ ಕತ್ತರಸಬೇಕಿತ್ತವ್ವ, ಸಾವಕಾರ್ರ ಬ್ಯಾಡ...” ಎಂದವನು ಅಲ್ಲಿಗೇ ನಾಲಿಗೆ ಕಚ್ಚಿಕೊಂಡ.

ಅವಳು ಬಿಡದೆ ಕೇಳಿ, ಕಾಯಿ ನೀರಿನಿಂದ ಹಿಡಿದು ಎಲ್ಲವನ್ನೂ ಅವನ ಬಾಯಿಂದ ಹೊರಡಿಸಿದಳು. ವಿಭೂತಿಯ ಕೈಯನ್ನು ಸೆರಗಿಗೆ ಒರೆಸಿಕೊಂಡು, ಶೆಲ್ಫಿನ ಮೇಲಿದ್ದ ನನ್ನನ್ನು ಎತ್ತಿಕೊಂಡು ನೇರ ಅಂದಾನಪ್ಪನವರ ಮನೆಗೆ ನಡೆದಳು. ನಡೆದದ್ದನ್ನೆಲ್ಲ ಹೇಳಿ, “ನನ್ನ ಆಣಿ ತಿರುಗಿ ಕೊಡ್ರಿ” ಎಂದಳು.

ಅವರು ಎಲೆ ಮಡಿಸುತ್ತ ಕೇಳಿದರು. “ಮುಳ್ಳು ಎಂಬತ್ತು ದಾಟಿತ್ತೇನವ್ವ?”

“ಇಲ್ರಿ, ಆದ್ರ...”

“ಮತ್ತ ನಿನ್ನ ಆಣಿ ಖರೇ ಐತಿ. ಖರೇ ಆಣಿ ಮುರದ್ರ ತಾಯಿ ಸುಮ್ಮನಿರ್ತಾಳೇನು? ಗಂಡನ ಮಾನಾನೂ ನೋಡಬೇಕು. ನಡಿ, ಮನಿಗೆ ನಡಿ.”

ಅವಳು ಮನೆಗೆ ಹೋಗಲಿಲ್ಲ. ಬಸ್ಸು ಹತ್ತಿ ಹುಲಿಗೆವ್ವನ ಮನೆಗೆ ಬಂದಳು. ಹುಲಿಗೆವ್ವ ಗೋಡೆಗೊರಗಿ ಕೂತು ಮೊರದಲ್ಲಿ ಹುರುಳಿ ಹಸನು ಮಾಡುತ್ತಿದ್ದಳು. ಬನಮ್ಮ ನನ್ನನ್ನು ಅವಳ ಮುಂದಿಟ್ಟು, ಎಲ್ಲವನ್ನೂ ಮೊದಲಿಂದ ಹೇಳಿದಳು. ಕಾಯಿ ನೀರು, ತಂತಿ, ಬಡಿತ, ಎಪ್ಪತ್ತು, ನೂರಾ ಇಪ್ಪತ್ತು. ಹೇಳುತ್ತ ಹೇಳುತ್ತ ಅತ್ತಳು. “ನಿಮ್ಮ ಮುಂದಾದ್ರೂ ಖರೇ ಹೇಳಬೇಕಂತ ಬಂದೆ ಅಕ್ಕಾ.”

ಹುಲಿಗೆವ್ವ ಮೊರವನ್ನು ಒಮ್ಮೆ ಕೊಡವಿದಳು. ಕಲ್ಲು ಆರಿಸಿ ಪಕ್ಕಕ್ಕೆ ಹಾಕಿದಳು.

“ನನಗ ಇದೇನೂ ಹೊಸಾದಲ್ಲ ತಂಗಿ. ಗಾಡಿ ಬರೂದನ್ನ ನಾ ಕಣ್ಣಾರೆ ನೋಡೀನಲ್ಲ. ನನ್ನ ಯಾರೂ ಕೇಳಲಿಲ್ಲ.”

ಬನಮ್ಮ ನನ್ನನ್ನು ಅಲ್ಲೇ ಬಿಟ್ಟು ಹೋದಳು. ಈಗ ನಾನು ಆ ಮನೆಯ ಗೋಡೆಯ ಗೂಡಿನಲ್ಲಿ, ಬೆಂಕಿಪೊಟ್ಟಣದ ಪಕ್ಕ ಇದ್ದೇನೆ. ಇಲ್ಲಿ ನನಗೆ ಯಾವ ಬಡಿತವೂ ಬರುವುದಿಲ್ಲ. ಮುಸ್ಸಂಜೆ ಹುಲಿಗೆವ್ವ ದೀಪ ಹಚ್ಚಲು ಗೋಡೆ ಹಿಡಿದು, ಒಂದು ಕಾಲಲ್ಲಿ ಕುಂಟುತ್ತ ಬರುತ್ತಾಳೆ. ಕಡ್ಡಿ ಗೀರುವಾಗ ಅವಳ ಮುಖ ನನ್ನ ಗಾಜಿನಲ್ಲಿ ಕಾಣಿಸುತ್ತದೆ. ನೋಡಬಲ್ಲವರ ಮುಖ ಅದು. ನ್ಯಾಯ ಮಾಡಲು ಕೂತವರು ನೋಡದ ನನ್ನನ್ನು ಕೇಳಿದರು, ನೋಡಿದ ಅವಳನ್ನು ಕೇಳಲಿಲ್ಲ. ಬನಶಂಕರಿಯಾದರೂ ಕೇಳಿಯಾಳು ಎಂದು ದೀಪದ ಎದುರು ನಾನು ದಿನವೂ ಕಾಯುತ್ತೇನೆ. ಹುಲಿಗೆವ್ವ ಕಾಯುವುದಿಲ್ಲ. ದೀಪ ಹಚ್ಚಿ, ಒಲೆಯ ಕಡೆ ತಿರುಗುತ್ತಾಳೆ.