ಬಿಳಿ ದಾರದ ಜೇಬು

ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಲಾಂಡ್ರಿಯ ಪಕ್ಕಕ್ಕೇ, ಒಂದು ಹೊಲಿಗೆ ಕೋಣೆ ಇತ್ತು. ಅಲ್ಲಿ ಮೂವತ್ತೊಂದು ವರ್ಷದಿಂದ ರೋಗಿಗಳ ಬಟ್ಟೆ ಹೊಲಿಯುತ್ತಿದ್ದವಳನ್ನು ದೊಡ್ಡ ಡಾಕ್ಟರರಿಂದ ಹಿಡಿದು ಕಸ ಗುಡಿಸುವವರವರೆಗೆ ಎಲ್ಲರೂ ಹೊಲಿಗೆಯಕ್ಕ ಎಂದೇ ಕರೆಯುತ್ತಿದ್ದರು.

ಅವಳು ಕೆಲಸಕ್ಕೆ ಸೇರಿದ ಕಾಲದಲ್ಲಿ ರೋಗಿಗೆ ಕೊಡುತ್ತಿದ್ದದ್ದು ಗೋಣಿಗಿಂತ ತುಸು ವಾಸಿ ಎನ್ನಬಹುದಾದ ಬಿಳಿ ನಿಲುವಂಗಿ. ಬೆನ್ನು ಪೂರ್ತಿ ತೆರೆದದ್ದು, ಕಟ್ಟಿಕೊಳ್ಳಲು ಮೂರು ಲಾಡಿ. ಡಾಕ್ಟರಿಗೆ ಪರೀಕ್ಷೆ ಮಾಡಲು ಸಲೀಸು, ನಿಜ. ಆದರೆ ಹೊರಗೆ ಹತ್ತು ಜನಕ್ಕೆ ಬುದ್ಧಿ ಹೇಳುವ ಗಂಡಸೂ ಇಲ್ಲಿ ಬಚ್ಚಲಿಗೆ ಹೋಗಬೇಕಾದರೆ ಒಂದು ಕೈ ಹಿಂದಕ್ಕೆ ಒತ್ತಿಹಿಡಿದು ಗೋಡೆ ಸವರಿಕೊಂಡೇ ಹೋಗಬೇಕು. ಈ ಬಟ್ಟೆ ಕಂಡುಹಿಡಿದ ಪುಣ್ಯಾತ್ಮ ಒಂದು ದಿನವೂ ಹಾಸಿಗೆ ಹಿಡಿದವನಲ್ಲ ಎಂದು ಹೊಲಿಗೆಯಕ್ಕ ಬೈಯುತ್ತಲೇ ಅದನ್ನು ಹೊಲಿಯುತ್ತಿದ್ದಳು. ಆಮೇಲೆ ಬಿಳಿ ಹೋಗಿ ತಿಳಿಹಸಿರು ಬಂತು. ಲಾಡಿ ಬೆನ್ನಿನಿಂದ ಪಕ್ಕೆಗೆ ಬಂತು, ರೋಗಿಗಳು ಎರಡೂ ಕೈ ಬೀಸಿ ನಡೆದಾಡಿದರು.

ಈಗ ಬಂದದ್ದು ಪ್ಯಾಕೆಟ್. ಒಳಗೆ ಕಾಗದದ ಹಾಗೆ ಸರಸರ ಎನ್ನುವ ನೀಲಿ ಅಂಗಿ. ಒಮ್ಮೆ ತೊಟ್ಟು ಬಿಸಾಕುವುದು, ಒಗೆಯುವ ಗೋಜೂ ಇಲ್ಲ, ಹೊಲಿಯುವ ಗೋಜೂ ಇಲ್ಲ. ಹಳೆಯದನ್ನೆಲ್ಲ ಮೂಟೆ ಕಟ್ಟಿ ಶನಿವಾರ ಮಧ್ಯಾಹ್ನ ಒರೆಸುಬಟ್ಟೆ ಮಾಡುವವರ ಗಾಡಿಗೆ ಹಾಕಿ ಎಂದು ಆಫೀಸಿನಿಂದ ಹೇಳಿಕಳಿಸಿದರು. ಹೊಲಿಗೆಯಕ್ಕನಿಗೆ ಮೇಲಿನ ದಾಸ್ತಾನು ಕೋಣೆಯಲ್ಲಿ ಪ್ಯಾಕೆಟ್ ಹಂಚುವ ಕೆಲಸವಂತೆ.

ಆ ಶನಿವಾರ ಬೆಳಿಗ್ಗೆಯೇ ಬಂದು ಅವಳು ಕಟ್ಟಿದ್ದ ಮೂಟೆಗಳನ್ನೆಲ್ಲ ಬಿಚ್ಚಿ ಕೂತಳು. ಒಂದೊಂದೇ ಅಂಗಿಯ ಒಳಗೆ ಕೈ ಹಾಕಿ ಎಡಗಡೆಯ ಜೇಬನ್ನು ಹೊರಳಿಸಿ ನೋಡುತ್ತಿದ್ದಳು.

ಆ ಜೇಬು ಶುರುವಾದದ್ದು ಅವಳ ಅಮ್ಮನಿಂದ. ಹದಿನೆಂಟು ವರ್ಷದ ಹಿಂದೆ ಅಮ್ಮ ಮೇಲಿನ ವಾರ್ಡಿನಲ್ಲಿ ಎರಡು ತಿಂಗಳು ಮಲಗಿದ್ದಳು. "ಇಷ್ಟು ವರ್ಷ ಹೊಲ್ದಿದ್ದೀಯ, ಕನ್ನಡಕ ಇಟ್ಕೊಳ್ಳೋಕೆ ಒಂದು ಜೇಬು ಹಾಕೋಕೆ ಬರಲ್ವೇನೇ ನಿಂಗೆ?" ಎಂದು ರೇಗಿದಳು. ಹಸಿರು ದಾರ ಮುಗಿದಿತ್ತು. ಹೊಲಿಗೆಯಕ್ಕ ಬಿಳಿ ದಾರದಲ್ಲೇ ಹೊಲಿದು ಕೊಟ್ಟಳು. ಅಮ್ಮ ಅದನ್ನು ಬಂದ ನರ್ಸಿಗೆಲ್ಲ ತೋರಿಸಿದ್ದೇ ತೋರಿಸಿದ್ದು. ಅಕ್ಕಪಕ್ಕದ ಹಾಸಿಗೆಯವರು ತಮಗೂ ಬೇಕೆಂದರು, ಹೆಡ್ ನರ್ಸು ಎಲ್ಲದಕ್ಕೂ ಹಾಕಿಬಿಡು ಎಂದರು. ಉಳಿದವಕ್ಕೆಲ್ಲ ಹಸಿರು ದಾರ.

ಅಮ್ಮ ಹೋದ ಮಧ್ಯಾಹ್ನ ಹೊಲಿಗೆಯಕ್ಕ, ಆಯಾ ಇಬ್ಬರೂ ಸೇರಿ ಮನೆಯಿಂದ ತಂದ ಬಟ್ಟೆ ಉಡಿಸಿದರು. ಬಿಚ್ಚಿದ ಅಂಗಿಯನ್ನು ಹೊಲಿಗೆಯಕ್ಕ ಕೈಗೆ ತೆಗೆದುಕೊಂಡಳು, ಲಾಡಿ ಕಿತ್ತಿದೆಯೇ ಎಂದು ನೋಡಿದಳು, ಮಡಿಸಿ ಒಗೆಯುವ ಬುಟ್ಟಿಗೆ ಹಾಕಿದಳು. ಹದಿಮೂರು ವರ್ಷ ಮಾಡಿದ ಕೆಲಸವನ್ನು ಕೈ ತನ್ನ ಪಾಡಿಗೆ ತಾನು ಮಾಡಿ ಮುಗಿಸಿತ್ತು. ಮನೆಗೆ ಹೋದ ಮೇಲೆ ಆ ಅಂಗಿಯ ನೆನಪಾಯಿತು. ಮರುದಿನ ಎದ್ದುಬಿದ್ದು ಓಡಿ ಬರುವಷ್ಟರಲ್ಲಿ ಅದು ಕುದಿದು, ಒಣಗಿ, ನಾನೂರು ಅಂಗಿಗಳಲ್ಲಿ ಒಂದಾಗಿ ಯಾವುದೋ ವಾರ್ಡಿಗೆ ಹೋಗಿತ್ತು. ಅಂದಿನಿಂದ ಪ್ರತಿ ಸೋಮವಾರ ರಿಪೇರಿ ರಾಶಿ ಬಂದಾಗಲೆಲ್ಲ ಅವಳು ಮೊದಲು ನೋಡುತ್ತಿದ್ದದ್ದು ಜೇಬಿನ ದಾರ. ಅಮ್ಮ ಬೇಕಿತ್ತು ಅವಳಿಗೆ. ಅಮ್ಮ ಸಿಗುವುದಿಲ್ಲವಲ್ಲ, ಅಂಗಿಯಾದರೂ ಸಿಗಲಿ ಎಂದು ಒಂದೇ ಹಂಬಲ.

ಲಾಂಡ್ರಿಯವನು ಬಾಗಿಲಲ್ಲಿ ಬಂದು ನಿಂತ. ಮಾತೆತ್ತಿದರೆ ಸಿಡುಕುವ ಮನುಷ್ಯನಾದ್ದರಿಂದ ಎಲ್ಲರ ಬಾಯಲ್ಲಿ ಅವನು ಬಿಸಿನೀರಣ್ಣ.

"ಅಕ್ಕ, ಕಟ್ಟಿದ್ದನ್ನ ಯಾಕೆ ಬಿಚ್ತಿದ್ಯಾ? ನಿಂಗೇನು ತಲೆ ಕೆಟ್ಟಿದ್ಯಾ?"

ಹೊಲಿಗೆಯಕ್ಕ ಹದಿನೆಂಟು ವರ್ಷ ಯಾರಿಗೂ ಹೇಳದ್ದನ್ನು ಅವನಿಗೆ ಹೇಳಿದಳು. ಹೇಳುವಾಗಲೂ ಕೈ ನಿಲ್ಲಲಿಲ್ಲ.

ಬಿಸಿನೀರಣ್ಣ ಒಳಗೆ ಬಂದು ಬಿಚ್ಚಿದ ಮೂಟೆಗಳ ಮೇಲೆ ಕಣ್ಣಾಡಿಸಿದ. ಆಮೇಲೆ ಅವನಿಗೆ ಒಗ್ಗದ ಮೆಲುದನಿಯಲ್ಲಿ, "ನನ್ನ ಬಾಯ್ಲರಲ್ಲಿ ಬೆಂದು ಒಂದು ಅಂಗಿ ಮೂರು ವರ್ಷ ಬಾಳಿದ್ರೆ ಹೆಚ್ಚು ಕಣಕ್ಕ. ಅದನ್ನ ನಾನೇ ಯಾವತ್ತೋ ಹರಿದು ಹಾಕಿರ್ತೀನಿ," ಎಂದ.

"ಗೊತ್ತು."

"ಗೊತ್ತಿದ್ದೂ ಹುಡುಕ್ತಿದ್ಯಾ?"

"ಬಟ್ಟೆ ಆಯಸ್ಸು ನಂಗೆ ಗೊತ್ತಿಲ್ದೆ ಇರುತ್ತಾ ಅಣ್ಣ?" ಹೊಲಿಗೆಯಕ್ಕ ಕೈಯಲ್ಲಿದ್ದ ಅಂಗಿಯನ್ನು ಮಡಿಲಲ್ಲಿಟ್ಟುಕೊಂಡಳು. "ಆದ್ರೆ ಪ್ರತಿ ಸೋಮವಾರ ಒಂದು ರಾಶಿ ಬರ್ತಿತ್ತು. ಇದರಲ್ಲಿ ಇಲ್ಲ, ಮುಂದಿನ ಸಲ ಬರುತ್ತೆ ಅಂದ್ಕೊಂಡು ಮನೆಗೆ ಹೋಗ್ತಿದ್ದೆ. ಇನ್ಮೇಲೆ ಏನಂದ್ಕೊಂಡು ಹೋಗ್ಲಿ?"

ಹೊರಗೆ ಗಾಡಿಯವನು ಹಾರ್ನ್ ಹೊಡೆದ. ಬಿಸಿನೀರಣ್ಣ ಮೆಟ್ಟಿಲ ತನಕ ಹೋಗಿ, "ಇನ್ನೂ ಆಗಿಲ್ಲಯ್ಯ! ಒಂದು ಗಂಟೆ ಬಿಟ್ಟು ಬಾ!" ಎಂದು ಕೂಗಿದ.

ವಾಪಸ್ ಬಂದು ಕೊನೆಯ ಮೂಟೆಯನ್ನು ತನ್ನ ಕಡೆಗೆ ಎಳೆದುಕೊಂಡು ನೆಲದ ಮೇಲೆ ಕೂತ. ಒಂದು ಅಂಗಿ ತೆಗೆದು, ಜೇಬು ಹೊರಳಿಸಿ, ಬೆಳಕಿಗೆ ಹಿಡಿದು ನೋಡಿದ.

"ಹಸಿರು," ಎಂದ. ಇನ್ನೊಂದನ್ನು ತೆಗೆದುಕೊಂಡ.