ಮನೆಯವರ ಮತ

ಮೂರನೇ ಮಹಡಿಯ ಆ ಕೋಣೆಯಲ್ಲಿ ಒಂಬತ್ತು ಮೇಜು, ಒಂಬತ್ತು ಪರದೆ, ತೆರೆಯಲಾಗದ ಎರಡು ಕಿಟಕಿ. ಅಲ್ಲಿ ಕೂತವರ ಕೆಲಸ ಒಂದೇ. ಆನ್‌ಲೈನ್ ಅಂಗಡಿಯ ಸರಕಿಗೆ ಬಿದ್ದ ನಕ್ಷತ್ರಗಳಲ್ಲಿ ಕೊಂಡವರು ಕೊಟ್ಟದ್ದು ಯಾವುದು, ಮಾರುವವರೇ ತಮಗೆ ಅಂಟಿಸಿಕೊಂಡದ್ದು ಯಾವುದು ಎಂದು ಆರಿಸುವುದು. ಆರಿಸುವವರಲ್ಲಿ ಎಲ್ಲರಿಗಿಂತ ಚುರುಕಾದವಳನ್ನು ಉಳಿದವರು ಜರಡಿ ಎಂದು ಕರೆಯುತ್ತಿದ್ದರು. ಮೊದಮೊದಲು ಬೆನ್ನ ಹಿಂದೆ, ಆಮೇಲೆ ಎದುರಿಗೇ. ಈಗ ರಜೆಚೀಟಿಯಲ್ಲಿ ಹಾಗೆ ಸಹಿ ಹಾಕಿದ್ದರೂ ನಡೆಯುತ್ತಿತ್ತೇನೋ. ಅವಳಿಗೆ ಬೇಸರವಿರಲಿಲ್ಲ. ಜರಡಿ ಎಂದರೆ ಬೈಗುಳವಲ್ಲ, ಅರ್ಹತೆ ಎಂದುಕೊಂಡಿದ್ದಳು.

ತಲೆನೋವೆಲ್ಲ ಒಂದು ನಿಯಮದ್ದು. ಮಾರುವವರೂ ಅದೇ ಅಂಗಡಿಯಲ್ಲಿ ಕೊಳ್ಳುತ್ತಾರಾದ್ದರಿಂದ ಅವರಿಗೂ ಮತ ಹಾಕುವ ಹಕ್ಕಿತ್ತು. ಚಪ್ಪಲಿಯವನು ಬಕೆಟ್ಟಿಗೆ ನಕ್ಷತ್ರ ಕೊಡಬಹುದು, ಬಕೆಟ್ಟಿನವಳು ಚಪ್ಪಲಿಗೆ. ತನ್ನ ಸರಕಿಗೆ ತಾನಾಗಲಿ ತನ್ನ ಮನೆಯವರಾಗಲಿ ಕೊಡುವಂತಿಲ್ಲ. ಬಾಯಲ್ಲಿ ಹೇಳುವುದು ಸುಲಭ. ಮಾರುವವರಿಗೆ ಅತ್ತೆಯಿದ್ದಾಳೆ, ನಾದಿನಿಯಿದ್ದಾಳೆ, ಷಡ್ಡಕನಿದ್ದಾನೆ. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಫೋನಿದೆ.

ಜರಡಿಯ ಪಟ್ಟು ಸರಳವಾಗಿತ್ತು. ಕೊಂಡವರು ತಮ್ಮ ಬಗ್ಗೆ ಬರೆಯುತ್ತಾರೆ, ಮಾರುವವರು ವಸ್ತುವಿನ ಬಗ್ಗೆ. ‘ಕುಕ್ಕರ್ ಚೆನ್ನಾಗಿದೆ, ಆದರೆ ನಮ್ಮತ್ತೆ ಶಿಳ್ಳೆಗೆ ಬೆಚ್ಚಿ ಬೀಳ್ತಾರೆ’ ಎಂದಿದ್ದರೆ ಪಾಸು. ‘ಅತ್ಯುತ್ತಮ ಗುಣಮಟ್ಟ, ದೀರ್ಘ ಬಾಳಿಕೆ’ ಎಂದಿದ್ದರೆ ಕತ್ತರಿ. ಹೊಸಬರಿಗೆ ಇದನ್ನೇ ಕಲಿಸಲಾಗುತ್ತಿತ್ತು. ಕಲಿಸುವವರು ವಿಭಾಗದ ಮುಖ್ಯಸ್ಥರು. ಹಿಂದೆ ಯಾವುದೋ ಟ್ಯುಟೋರಿಯಲ್‌ನಲ್ಲಿ ಗಣಿತ ಹೇಳಿಕೊಡುತ್ತಿದ್ದವರು, ಹಾಗಾಗಿ ಎಲ್ಲರ ಬಾಯಲ್ಲೂ ಮೇಷ್ಟ್ರು.

“ಇಲ್ಲಿ ದಯೆ ಇಲ್ಲ, ದ್ವೇಷ ಇಲ್ಲ. ಊಟದ ವಿರಾಮ ಮಾತ್ರ ಇದೆ,” ಎನ್ನುತ್ತಿದ್ದರು ಮೇಷ್ಟ್ರು. ಅದೂ ಇಪ್ಪತ್ತೈದೇ ನಿಮಿಷ.

ಆ ಮಂಗಳವಾರ ಅವಳ ಪರದೆಗೆ ಬಂದ ಕಡತದಲ್ಲಿ ಎಂದಿನಂತೆ ಅಂಗಡಿಯ ಹೆಸರಿರಲಿಲ್ಲ, ಸಂಖ್ಯೆ ಮಾತ್ರ. ಸರಕು: ಊರುಗೋಲಿನ ಕಂಕುಳಮೆತ್ತೆ, ಹತ್ತಿ ತುಂಬಿದ್ದು, ಜೋಡಿ. ದೂರು ಕೊಟ್ಟವನೂ ಮಾರುವವನೇ. ಅದೇ ಮೆತ್ತೆಯನ್ನು ಫೋಮಿನಲ್ಲಿ ಮಾಡಿಸಿ ಮಾರುವ ದೊಡ್ಡ ಕುಳ. ‘ಇವರ ಹೊಗಳಿಕೆಗಳಲ್ಲಿ ಒಂದೇ ವಿಚಿತ್ರ ಪದ ಪದೇ ಪದೇ ಬರುತ್ತಿದೆ, ದಯವಿಟ್ಟು ನೋಡಿ’ ಎಂದು ಬರೆದಿದ್ದ.

ಜರಡಿ ಮೊದಲು ಸರಕಿನ ಫೋಟೋ ನೋಡಿದಳು. ಮೆತ್ತೆಯನ್ನು ಹಿಡಿದ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ಹೊಲಿಗೆಯಂತ್ರದ ಸೂಜಿ ಇಳಿದು ಸೀಳಿದ ಉಗುರು. ಅದು ಅವಳ ಅಕ್ಕನದು.

ಗುರುತಿನವರ ಕಡತ ಬಂದರೆ ಕೈಯೆತ್ತಿ ಪಕ್ಕದವರಿಗೆ ದಾಟಿಸಬೇಕು. ಅವಳು ಎತ್ತಲಿಲ್ಲ. ಎತ್ತಿದರೆ ಇನ್ನೊಂದು ಪ್ರಶ್ನೆ ಬರುತ್ತಿತ್ತು. ಹತ್ತಿರದ ಸಂಬಂಧಿಕರು ಯಾರಾದರೂ ಇಲ್ಲಿ ಮಾರುತ್ತಾರೆಯೇ ಎಂದು ಪ್ರತಿ ವರ್ಷ ಕೇಳುವ ಫಾರಮ್ಮಿನಲ್ಲಿ ಅವಳು ಮೂರು ವರ್ಷ ‘ಇಲ್ಲ’ ಎಂದು ಬರೆದಿದ್ದಳು. ಅಂಗಡಿ ಭಾವನ ಹೆಸರಿನಲ್ಲಿತ್ತು. ಭಾವ ಹತ್ತಿರದವನೋ ದೂರದವನೋ ಎಂದು ಫಾರಮ್ಮಿನಲ್ಲಿ ಬಿಡಿಸಿ ಹೇಳಿರಲಿಲ್ಲ.

ಹೊಗಳಿಕೆಗಳನ್ನು ತೆರೆದಳು. ‘ಬೆಕ್ಕು ಬಂತು. ಕಂಕುಳ ಹುಣ್ಣು ಮಾಯುತ್ತಿದೆ.’ ‘ಎಡಗಡೆ ಬೆಕ್ಕು ಸ್ವಲ್ಪ ಗಟ್ಟಿ, ಬಲಗಡೆಯದು ಸರಿಯಾಗಿದೆ.’ ‘ಬೆಕ್ಕನ್ನು ತೊಳೆದೆ, ನನ್ನ ಬಿಳಿ ಅಂಗಿಗೆ ಬಣ್ಣ ಹತ್ತಲಿಲ್ಲ.’ ಇಂಥವು ಮೂವತ್ತೊಂದು. ಅವಳದೇ ಪಟ್ಟಿನ ಪ್ರಕಾರ ಎಲ್ಲವೂ ಪಾಸಾಗಬೇಕಾದವು. ಹುಣ್ಣು, ಅಂಗಿ, ಎಡಗಡೆ. ಎಲ್ಲರೂ ತಮ್ಮ ಬಗ್ಗೆಯೇ ಬರೆದಿದ್ದರು.

ಆದರೆ ಬೆಕ್ಕು ಅವಳದು. ಅಪ್ಪನ ಕಾಲು ಹೋದಾಗ ಅವಳಿಗೆ ಹದಿನಾಲ್ಕು. ಊರುಗೋಲಿನ ಮರ ಕಂಕುಳಿನ ಚರ್ಮ ಕಿತ್ತು ಕೆಂಪಗಾಗಿಸಿದ್ದನ್ನು ನೋಡಲಾರದೆ ತನ್ನ ಹಳೆಯ ಸ್ವೆಟರ್ ಕತ್ತರಿಸಿ ಹತ್ತಿ ತುಂಬಿ ಹೊಲಿದುಕೊಟ್ಟಿದ್ದಳು. ಅಪ್ಪ ಅದನ್ನು ಕಂಕುಳಿಗೆ ಸಿಕ್ಕಿಸಿ ಎರಡು ಹೆಜ್ಜೆ ಹಾಕಿ, “ಬೆಕ್ಕು ಮಲಗಿದ ಹಾಗಿದೆ ಕಣೇ,” ಎಂದಿದ್ದರು. ಅಂದಿನಿಂದ ಅದು ಬೆಕ್ಕೇ. ಆಗ ಅಕ್ಕ ಮದುವೆಯಾಗಿ ಗಂಡನ ಮನೆಯಲ್ಲಿದ್ದಳು. ನಾಲ್ಕು ವರ್ಷ ಅಪ್ಪನ ಬೆನ್ನು ಉಜ್ಜಿದವಳು ತಂಗಿ, ಹುಣ್ಣಿಗೆ ಮುಲಾಮು ಹಚ್ಚಿದವಳು ತಂಗಿ. ಅಕ್ಕ ಬಂದದ್ದು ಹೆಣ ಎತ್ತುವ ಹೊತ್ತಿಗೆ. ಹೋಗುವಾಗ ಸವೆದ ಮೆತ್ತೆಯನ್ನು ಅಳತೆಗೆಂದು ಚೀಲಕ್ಕೆ ಹಾಕಿಕೊಂಡು ಹೋಗಿದ್ದಳು. ಅದರಿಂದಲೇ ಈ ಅಂಗಡಿ.

ಅಳತೆ ಒಯ್ದದ್ದು ಸಾಲದೆಂದು ಅಪ್ಪನ ಮಾತನ್ನೂ ಒಯ್ದಿದ್ದಾಳೆ, ಒಯ್ದು ಮೂವತ್ತೊಂದು ಸುಳ್ಳು ಹೆಸರುಗಳ ಬಾಯಿಗೆ ತುರುಕಿದ್ದಾಳೆ. ಜರಡಿಗೆ ಮೈಯೆಲ್ಲ ಉರಿದುಹೋಯಿತು. ಬೇರೆ ಯಾರ ಕೈಗೆ ಹೋಗಿದ್ದರೂ ಈ ಕಡತ ಪಾಸಾಗುತ್ತಿತ್ತು. ಹಿಡಿಯಬಲ್ಲವಳು ಇಡೀ ಕಟ್ಟಡದಲ್ಲಿ ತಾನೊಬ್ಬಳೇ ಎಂಬುದು ಆ ಉರಿಗೆ ಇನ್ನಷ್ಟು ಗಾಳಿ ಹಾಕಿತು.

ಮೂವತ್ತೊಂದಕ್ಕೂ ಕತ್ತರಿ ಹಾಕಿದಳು. ಕಾರಣದ ಪೆಟ್ಟಿಗೆಯಲ್ಲಿ ಬರೆದಳು: ‘ಈ ಪದ ಮಾರಾಟಗಾರರ ಮನೆಯೊಳಗೆ ಮಾತ್ರ ಬಳಕೆಯಲ್ಲಿರುವುದು. ಹೊರಗಿನವರಿಗೆ ತಿಳಿದಿರಲು ಸಾಧ್ಯವಿಲ್ಲ.’ ಹತ್ತಕ್ಕಿಂತ ಹೆಚ್ಚು ಸುಳ್ಳು ಮತ ಸಿಕ್ಕರೆ ಅಂಗಡಿ ಮುಚ್ಚುತ್ತದೆ. ಮುಚ್ಚಿತು. ಕಾರಣದ ಸಾಲು ಮಾರುವವರಿಗೆ ಅಕ್ಷರ ಬಿಡದೆ ಹೋಗುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಆ ಗಳಿಗೆಯಲ್ಲಿ ನೆನಪಾಗಲಿಲ್ಲ.

ಸಂಜೆ ಮೇಷ್ಟ್ರು ಅವಳ ಮೇಜಿನ ಬಳಿ ನಿಂತು ಎಲ್ಲರಿಗೂ ಕೇಳುವಂತೆ, “ನೋಡ್ರಪ್ಪಾ, ಕಣ್ಣು ಅಂದ್ರೆ ಇದು,” ಎಂದರು. ಪಕ್ಕದ ಮೇಜಿನ ಚಷ್ಮಾ, ದಪ್ಪ ಕನ್ನಡಕದ ಹುಡುಗ, “ನಮ್ದೇನು ಗುಂಡಿನಾ ಸಾರ್?” ಎಂದ. ಎಲ್ಲರೂ ನಕ್ಕರು, ಜರಡಿಯೂ.

ಭಾನುವಾರ ಹಾಸ್ಟೆಲಿನಿಂದ ಎರಡು ಬಸ್ಸು ಬದಲಿಸಿ ಅಕ್ಕನ ಮನೆಗೆ ಹೋದಳು. ಆರು ತಿಂಗಳ ಮೇಲಾಗಿತ್ತು ಹೋಗದೆ. ಬೈಯಬೇಕು ಎಂದೇ ಹೋದದ್ದು. ಹೇಗೆ ಶುರು ಮಾಡುವುದು ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕಿದ್ದಳು. ಮುಂದಿನ ಕೋಣೆಯಲ್ಲಿ ಹೊಲಿಗೆಯಂತ್ರದ ಮೇಲೆ ಬಟ್ಟೆ ಹೊದಿಸಿತ್ತು. ಹೊಲಿದ ಮೆತ್ತೆಗಳನ್ನು ಗೋಡೆಗೆ ಆನಿಸಿ ಸೊಂಟದೆತ್ತರಕ್ಕೆ ಒಟ್ಟಿತ್ತು. ಭಾವ ಅಂಟುಪಟ್ಟಿಯ ಸುರುಳಿಯನ್ನು ಬೆರಳಿಗೆ ಸಿಕ್ಕಿಸಿಕೊಂಡು ಸುಮ್ಮನೆ ತಿರುಗಿಸುತ್ತ ಕೂತಿದ್ದ.

“ಬಾಮ್ಮ, ಸರಿಯಾದ ಹೊತ್ತಿಗೇ ಬಂದೆ,” ಎಂದ ಭಾವ. “ನಿಮ್ಮಕ್ಕ ಮಂಗಳವಾರದಿಂದ ನನ್ನ ಬಿಟ್ಟು ಇನ್ಯಾರನ್ನೂ ಬೈದಿಲ್ಲ. ಸ್ವಲ್ಪ ಪಾಲು ತಗೋ.”

“ಅಂಗಡಿ ಮುಚ್ಚಿಸಿದ್ರು ಕಣೇ,” ಎಂದಳು ಅಕ್ಕ. “ನೀನು ಅಂಥದ್ದೇ ಕಡೆ ಅಲ್ವಾ ಕೆಲಸ ಮಾಡೋದು? ಯಾರನ್ನ ಕೇಳ್ಬೇಕು ಹೇಳು. ಇದೇ ವಿಳಾಸದಲ್ಲಿ ಇನ್ನೊಂದು ತೆಗೆಯೋ ಹಾಗಿಲ್ವಂತೆ.”

“ಸುಳ್ಳು ಮತ ಹಾಕಿಸಿದ್ರೆ ಮುಚ್ಚದೆ ಆರತಿ ಎತ್ತುತ್ತಾರಾ?”

“ಯಾರು ಹಾಕಿಸಿದ್ದು?” ಅಕ್ಕನ ದನಿ ಏರಿತು. “ನಿನ್ನ ಭಾವನಿಗೆ ಫೋನಲ್ಲಿ ಬಟನ್ ಒತ್ತೋಕೆ ಬರಲ್ಲ. ನನಗೆ ಪುರುಸೊತ್ತಿಲ್ಲ. ಮೂವತ್ತೊಂದು ಜನರ ಹೆಸರಲ್ಲಿ ಬರಿಯೋಕೆ ನಾನೇನು ಕಾದಂಬರಿಗಾರ್ತಿನಾ?”

“ಮತ್ತೆ ಬೆಕ್ಕು ಅಂತ ಅವರೆಲ್ಲ ಹೇಗೆ ಬರೆದ್ರು?”

ಅಕ್ಕ ಎದ್ದು ಒಂದು ಪೊಟ್ಟಣದ ಬಾಯಿ ಹರಿದು, ಒಳಗಿಂದ ಮಡಿಸಿದ ಚೀಟಿ ತೆಗೆದು ತಂಗಿಯ ಮುಂದೆ ಹಿಡಿದಳು. ಅಕ್ಕನ ದುಂಡು ಅಕ್ಷರ. ‘ಇದರ ಹೆಸರು ಬೆಕ್ಕು. ನಮ್ಮಪ್ಪ ಇಟ್ಟದ್ದು. ಮೊದಲನೆಯದನ್ನು ಹೊಲಿದವಳು ನನ್ನ ತಂಗಿ. ವಾರಕ್ಕೊಮ್ಮೆ ಸ್ನಾನ ಮಾಡಿಸಿ, ನೆರಳಲ್ಲಿ ಒಣಗಿಸಿ.’

“ಪ್ರತಿಯೊಂದಕ್ಕೂ ಕೈಯಲ್ಲೇ ಬರೀತೀನಿ. ಅಪ್ಪ ಫೋನ್ ಮಾಡಿದಾಗೆಲ್ಲ ನಿನ್ನ ಬೆಕ್ಕಿನ ಪುರಾಣವೇ. ಓದಿದವರು ಅದೇ ಹೆಸರು ಹಿಡ್ಕೊಂಡ್ರು. ಅದರಲ್ಲಿ ನನ್ನ ತಪ್ಪೇನು?”

ಜರಡಿ ಚೀಟಿಯನ್ನು ಎರಡನೇ ಸಲ ಓದಿದಳು. ಮೂರನೇ ಸಲವೂ ಓದಿದಳು. ತಲೆಯೆತ್ತಿದರೆ ಅಕ್ಕ ಫೋನಿನಲ್ಲಿ ಏನನ್ನೋ ಹುಡುಕುತ್ತಿದ್ದಳು.

“‘ಈ ಪದ ಮಾರಾಟಗಾರರ ಮನೆಯೊಳಗೆ ಮಾತ್ರ ಬಳಕೆಯಲ್ಲಿರುವುದು,’” ಅಕ್ಕ ನಿಧಾನವಾಗಿ ಓದಿದಳು. “ಐದು ದಿನದಿಂದ ಯೋಚಿಸ್ತಿದೀನಿ, ಈ ಪುಣ್ಯಾತ್ಮನಿಗೆ ನಮ್ಮ ಮನೆಯೊಳಗಿನ ಪದ ಹೇಗೆ ಗೊತ್ತಾಯ್ತು ಅಂತ. ಚೀಟಿ ನೋಡಿದ್ರೆ ಹೊರಗೂ ಬಳಕೆಯಲ್ಲಿದೆ ಅಂತ ತಿಳೀತಿತ್ತು. ಚೀಟಿ ನೋಡಿಲ್ಲ. ಆದರೂ ಮನೆ ಪದ ಅಂತ ಗೊತ್ತು.” ಫೋನನ್ನು ಯಂತ್ರದ ಮೇಲೆ ಇಟ್ಟಳು. “ಬೆಕ್ಕಿನ ಮಾತು ನಾನಿನ್ನೂ ಎತ್ತೇ ಇರ್ಲಿಲ್ಲ ಕಣೇ. ನೀನೇ ಎತ್ತಿದ್ದು.”

ಭಾವನ ಬೆರಳಲ್ಲಿ ಅಂಟುಪಟ್ಟಿ ತಿರುಗುವುದು ನಿಂತಿತು.

ಜರಡಿ ಚೀಟಿಯನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡಳು.

“ಅನ್ನ ಪಾತ್ರೆಯಲ್ಲಿದೆ. ನಾನು ಬಡಿಸಲ್ಲ, ಬೇಕಾದ್ರೆ ಹಾಕ್ಕೊಂಡು ಉಂಡು ಹೋಗು,” ಎಂದು ಅಕ್ಕ ಒಳಗೆ ಹೋಗಿ ಬಾಗಿಲು ಎಳೆದುಕೊಂಡಳು. ಜರಡಿ ಉಣ್ಣಲಿಲ್ಲ. ಭಾವ ಬಸ್‌ಸ್ಟಾಪಿನವರೆಗೆ ಜೊತೆಗೆ ಬಂದ. ಬಸ್ಸು ಬಂದಾಗ, “ಹುಷಾರು,” ಎಂದ ಅಷ್ಟೇ.

ಸೋಮವಾರ ಬೆಳಿಗ್ಗೆ ಅವಳು ಮೇಷ್ಟ್ರ ಗಾಜಿನ ಗೂಡಿಗೆ ಹೋಗಿ ಎಲ್ಲವನ್ನೂ ಹೇಳಿದಳು. ಉಗುರು, ಭಾವ, ಫಾರಮ್ಮು, ಚೀಟಿ. ಚೀಟಿಯನ್ನು ಮೇಜಿನ ಮೇಲೆ ಇಟ್ಟಳು. ಮೇಷ್ಟ್ರು ಅದನ್ನು ಮುಟ್ಟಲಿಲ್ಲ.

“ಈಗ ಏನು ಮಾಡ್ಬೇಕು ಅಂತೀಯ?”

“ಆ ಮೂವತ್ತೊಂದೂ ನಿಜವಾದ ಮತ ಸಾರ್. ಅಂಗಡಿ ತೆಗೀಬೇಕು.”

“ಹೇಳ್ತಿರೋದು ಯಾರು?”

“ನಾನೇ ಸಾರ್.”

“ನೀನು ಮಾರುವವರ ತಂಗಿ. ಮನೆಯವರ ಮತ ಲೆಕ್ಕಕ್ಕೆ ಬರಲ್ಲ.”

“ಮತ್ತೆ ನಾನು ಕತ್ತರಿ ಹಾಕಿದ್ದು? ಆಗಲೂ ತಂಗಿಯೇ ಅಲ್ವಾ?”

“ಅದು ವಿರುದ್ಧದ ಮತ.” ಮೇಷ್ಟ್ರು ಹಲಗೆಯ ಮೇಲೆ ಲೆಕ್ಕ ಬಿಡಿಸುವವರಂತೆ ಬೆರಳು ಮಡಿಸಿದರು. “ಸ್ವಂತದವರ ಪರವಾಗಿ ಸುಳ್ಳು ಹೇಳೋರು ಸಾವಿರ. ವಿರುದ್ಧವಾಗಿ ಹೇಳೋರು ಎಲ್ಲಿದ್ದಾರೆ? ಹಾಗಾಗಿ ಪರ ಇದ್ರೆ ರದ್ದು, ವಿರುದ್ಧ ಇದ್ರೆ ಖಾಯಂ. ನಿಯಮದ ಪುಸ್ತಕದಲ್ಲೇ ಇದೆ, ಓದ್ಕೋ. ಇನ್ನೊಂದು ವಿಷಯ. ಫಾರಮ್ಮಿನ ಮಾತು ನಾನು ಕೇಳಿಸಿಕೊಂಡ್ರೆ ನೀನು ಮೂರು ವರ್ಷ ಆರಿಸಿದ್ದನ್ನೆಲ್ಲ ಮತ್ತೆ ಆರಿಸಬೇಕಾಗುತ್ತೆ. ಒಂಬತ್ತು ಜನ, ಆರು ತಿಂಗಳು. ನನಗೆ ಈ ನಡುವೆ ಕಿವಿ ಸ್ವಲ್ಪ ಮಂದ. ಚೀಟಿ ತಗೊಂಡು ಹೋಗು.”

ಅವಳು ಚೀಟಿ ತೆಗೆದುಕೊಂಡು ಹೋಗಿ ತನ್ನ ಮೇಜಿಗೆ ಕೂತಳು. ಕೂಗಾಡಬಹುದಿತ್ತು, ಕೆಲಸ ಬಿಟ್ಟು ಎದ್ದು ಹೋಗಬಹುದಿತ್ತು. ಊಟದ ವಿರಾಮದವರೆಗೆ ನೂರಾ ಹತ್ತು ಮತ ಆರಿಸಿದಳು.

ಒಂದು ತಿಂಗಳಾದ ಮೇಲೆ ಭಾವ ಫೋನ್ ಮಾಡಿದ. ಅಕ್ಕ ಮಾತಾಡುವುದಿಲ್ಲ, ಆದರೆ ವಿಷಯ ತಿಳಿದಿರಲಿ ಎಂದ. ಫೋಮಿನ ಕುಳವೇ ಮನೆಗೆ ಬಂದಿದ್ದನಂತೆ. ಹತ್ತಿಯ ಮೆತ್ತೆ ಹೊಲಿದುಕೊಡಿ, ನನ್ನ ಅಂಗಡಿಯಲ್ಲಿ ನನ್ನ ಹೆಸರಲ್ಲಿ ಮಾರುತ್ತೇನೆ, ಒಳಗೆ ಚೀಟಿಗೀಟಿ ಏನೂ ಬೇಡ ಅಂದನಂತೆ. “ಗೋಡೆಗೆ ಒರಗಿಸಿದ್ದೆಲ್ಲ ಹೊತ್ಕೊಂಡು ಹೋದ. ಮೂರು ತಿಂಗಳು ರೇಟಿಂಗ್ ನೋಡ್ತಾನಂತೆ. ಇಳಿದ್ರೆ ಬೇಡ ಅಂತಾನೆ. ನಿಮ್ಮಕ್ಕ ಬೆಳಿಗ್ಗೆ ಎದ್ದರೆ ಮೆಷಿನ್ ಮುಂದೆ ಕೂತಿರ್ತಾಳೆ. ಒಂದೂ ಮಾತಿಲ್ಲ. ಬೈದಿದ್ರೇ ವಾಸಿಯಿತ್ತು ಕಣಮ್ಮ.”

ಫೋಮಿನವನ ಕಡತ ಎರಡನೇ ತಿಂಗಳಲ್ಲಿ ಅವಳ ಪರದೆಗೆ ಬಂತು. ಫೋಟೋದಲ್ಲಿ ಬೆರಳಿರಲಿಲ್ಲ, ಬಿಳಿ ಹಲಗೆಯ ಮೇಲೆ ಮೆತ್ತೆ ಮಾತ್ರ. ಹೊಲಿಗೆ ಕೊನೆಯಲ್ಲಿ ಹಿಂದಕ್ಕೆ ತಿರುಗಿ ಎರಡು ಸಲ ಓಡಿತ್ತು, ಅಕ್ಕನ ಕೈ. ಹೊಗಳಿಕೆಗಳು ನಲವತ್ತು. ‘ಅತ್ಯುತ್ತಮ ಗುಣಮಟ್ಟ.’ ‘ದೀರ್ಘ ಬಾಳಿಕೆ, ಆರಾಮದಾಯಕ.’ ‘ಗುಣಮಟ್ಟ ಅತ್ಯುತ್ತಮ.’ ನಲವತ್ತರಲ್ಲಿ ಒಂದೂ ಕಂಕುಳಿಲ್ಲ, ಒಂದೂ ಅಂಗಿಯಿಲ್ಲ. ಕಲಿಯಲು ಬಂದ ಹೊಸಬರೂ ಕಣ್ಣುಮುಚ್ಚಿ ಕತ್ತರಿ ಹಾಕಬಹುದಾದಂಥವು.

ದೂರು ಕೊಟ್ಟದ್ದು ಹೊಸ ಅಂಗಡಿ. ಹೆಸರಿಲ್ಲ, ಸಂಖ್ಯೆ. ಒಟ್ಟು ಸಿಕ್ಕ ನಕ್ಷತ್ರ ಹನ್ನೆರಡು. ದೂರಿನ ಜೊತೆ ನಾಲ್ಕು ಸಾಲು ಬರೆದಿತ್ತು. ‘ನಾನು ಸ್ವತಃ ಊರುಗೋಲು ಬಳಸುವವಳು. ನಾನೂ ಮೆತ್ತೆ ಮಾಡುತ್ತೇನೆ. ಇವರ ಮತಗಳು ಸುಳ್ಳು ಎಂದು ಓದಿದರೇ ತಿಳಿಯುತ್ತದೆ. ನ್ಯಾಯ ಕೊಡಿಸಿ.’ ದೂರು ಸುಳ್ಳೆಂದಾದರೆ ಕೊಟ್ಟವರ ಅಂಗಡಿಯನ್ನು ಒಂದು ವರ್ಷ ಪಟ್ಟಿಯ ತಳಕ್ಕೆ ಇಳಿಸುತ್ತಾರೆ. ಹನ್ನೆರಡು ನಕ್ಷತ್ರದ ಅಂಗಡಿಗೆ ತಳ ಎಂದರೆ ಯಾರ ಕಣ್ಣಿಗೂ ಬೀಳದ ಜಾಗ.

ಜರಡಿ ಆ ನಾಲ್ಕು ಸಾಲನ್ನು ಒಂದೇ ಸಲ ಓದಿದಳು. ಆಮೇಲೆ ನಲವತ್ತನ್ನೂ ಒಂದೊಂದಾಗಿ ಪಾಸು ಮಾಡಿದಳು. ಒಟ್ಟಿಗೆ ಮಾಡುವ ಗುಂಡಿಯಿತ್ತು, ಒತ್ತಲಿಲ್ಲ. ಕಾರಣದ ಪೆಟ್ಟಿಗೆಯಲ್ಲಿ ‘ದೂರಿನಲ್ಲಿ ಹುರುಳಿಲ್ಲ’ ಎಂದು ಬರೆದಳು. ಅದು ಅಕ್ಷರ ಬಿಡದೆ ದೂರು ಕೊಟ್ಟವಳಿಗೂ ಹೋಗುತ್ತದೆ ಎಂಬುದು ಈ ಸಲ ಚೆನ್ನಾಗಿ ನೆನಪಿತ್ತು.

“ಏನ್ ಜರಡಿ, ಇಷ್ಟು ಬೇಗ ಮುಗೀತಾ?” ಎಂದ ಚಷ್ಮಾ, ತಲೆಯೆತ್ತದೆ.

“ಸುಲಭದ್ದು,” ಎಂದು ಅವಳು ಮುಂದಿನ ಕಡತ ತೆರೆದಳು.